ಮೇಜುಬಟ್ಟೆಯ ಎಫಿ

ಲೂಯಿಸ್ ದ್ವೀಪದ ಆ ಊರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾರಾದರೊಬ್ಬ ಮೆಕೈವರನಿಗೇ ತಾಗುತ್ತಿತ್ತು. ಅರ್ಧ ಊರಿಗೆ ಅದೇ ಮನೆತನದ ಹೆಸರು. ಹಾಗಾಗಿ ಜನ ಒಬ್ಬರಿಗೊಬ್ಬರು ಅಡ್ಡಹೆಸರು ಕಟ್ಟಿಕೊಂಡೇ ಬದುಕುತ್ತಿದ್ದರು. ಪ್ರಾರ್ಥನೆಗೆ ನಿಂತರೆ ಕಿಟಕಿಯ ಗಾಜು ಅದುರುವಂತೆ ಕೂಗುವ ಸಭೆಯ ಹಿರಿಯ ಫಿನ್ಲೆಗೆ ಗುಡುಗು ಫಿನ್ಲೆ ಎಂದು ಹೆಸರು. ಎಲ್ಲಿಗೆ ಹೊರಟರೂ ಅರ್ಧ ಮುಗಿದ ಮೇಲೆ ಬಂದು ಸೇರುವ ಡೋಲಿನಾಗೆ ನಾಳೆ ಡೋಲಿನಾ. ಅವಳ ಅತ್ತಿಗೆ ಎಫಿ ಮಾತ್ರ ಮೇಜುಬಟ್ಟೆಯ ಎಫಿ, ಮತ್ತು ಊರಿನಲ್ಲಿ ತನ್ನ ಅಡ್ಡಹೆಸರನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದವಳು ಅವಳೊಬ್ಬಳೇ.

ಹಿಗ್ಗುವುದಕ್ಕೆ ಕಾರಣವೂ ಇತ್ತು. ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಪವಿತ್ರ ಭೋಜನದ ವಾರ ಬರುತ್ತಿತ್ತು. ಗುರುವಾರದಿಂದ ಸೋಮವಾರದ ತನಕ ದಿನವೂ ಆರಾಧನೆ. ಭಾನುವಾರ ದೇವಾಲಯದ ಮುಂದಿನ ಸಾಲುಗಳಿಗೆ ಉದ್ದನೆಯ ಬಿಳಿ ಬಟ್ಟೆ ಹಾಸಿ, ಅದನ್ನೇ ಕರ್ತನ ಮೇಜೆಂದು ಕರೆದು, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚುವುದು. ಆ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಒಪ್ಪಿಸುವ ಕೆಲಸ ಎಫಿಗೆ ಅತ್ತೆಯಿಂದ ಬಂದಿತ್ತು. ಅವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಂದು ಸುಕ್ಕನ್ನು ಹುಡುಕಿ ತೋರಿಸಿದವರಿಲ್ಲ. ಅದಲ್ಲದೆ ಆ ವಾರ ಪರವೂರುಗಳಿಂದ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಇಳಿದುಕೊಳ್ಳುತ್ತಿದ್ದುದೂ ಅವಳ ಮನೆಯಲ್ಲೇ. ಕುರಿಮಾಂಸದ ಸೂಪು, ಉಪ್ಪು ಹಾಕಿದ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ, ಬಿಸಿ ಬಿಸಿ ಸ್ಕೋನು ಎಂಬ ಪುಟ್ಟ ಬನ್ನು, ಲೆಕ್ಕವಿಲ್ಲದಷ್ಟು ಚಹಾ. ಕೈ ಕೆಸರಾದರೆ ಬಾಯಿ ಮೊಸರು ಎಂಬುದನ್ನು ಎಫಿ ಗಾದೆ ಎಂದು ತಿಳಿದಿರಲಿಲ್ಲ, ವೇದವಾಕ್ಯವೆಂದೇ ತಿಳಿದಿದ್ದಳು.

ಇಷ್ಟೆಲ್ಲ ಮಾಡಿಯೂ ಅವಳು ಆ ಮೇಜಿಗೆ ಒಂದು ಸಲವೂ ಕೂತವಳಲ್ಲ.

ಆ ಕಡೆ ಇದು ಅಪರೂಪದ ಸಂಗತಿಯೇನಲ್ಲ. ದೇವಾಲಯಕ್ಕೆ ಊರಿಗೆ ಊರೇ ಬರುತ್ತದೆ, ಮೇಜಿಗೆ ಕೂರುವವರು ಕೆಲವರೇ. ಕೂರಬೇಕೆಂದರೆ ಶನಿವಾರ ಹಿರಿಯರ ಸಭೆಯ ಮುಂದೆ ನಿಂತು ತನ್ನ ನಂಬಿಕೆಯ ಮಾತು ಹೇಳಬೇಕು. ಅವರು ಒಪ್ಪಿದರೆ ಒಂದು ಸೀಸದ ಬಿಲ್ಲೆ ಕೊಡುತ್ತಾರೆ. ಅದನ್ನು ಭಾನುವಾರ ಒಪ್ಪಿಸಿ ಕೂರಬೇಕು. ಬೈಬಲನ್ನು ಅರೆದು ಕುಡಿದ ಮುದುಕರು ಕೂಡ ‘ನನಗಿನ್ನೂ ಆ ಯೋಗ್ಯತೆ ಬಂದಿಲ್ಲ’ ಎನ್ನುತ್ತ ಹಿಂದಿನ ಸಾಲಿನಲ್ಲೇ ಹಲ್ಲು ಕಳೆದುಕೊಂಡು, ಹಿಂದಿನ ಸಾಲಿನಿಂದಲೇ ಸ್ಮಶಾನಕ್ಕೆ ಹೋದದ್ದುಂಟು. ನಂಬಿಕೆ ಕಡಿಮೆಯಾಗಿ ಅಲ್ಲ, ಭಕ್ತಿ ಹೆಚ್ಚಾಗಿ. ಹಸಿದವನು ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಬರುತ್ತೇನೆ ಎಂದ ಹಾಗೆ.

ಎಫಿಯದೂ ಅದೇ ಪಾಡು. ಅವಳ ಗಂಡ ಆಂಗಸ್ ಬದುಕಿದ್ದಾಗ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಕೀರ್ತನೆ ಹಾಡುವಾಗ ಒಮ್ಮೆ ಹೆಗಲ ಮೇಲಿಂದ ಹಿಂತಿರುಗಿ ನೋಡುತ್ತಿದ್ದ, ಅವಳು ಎದ್ದು ಬರುತ್ತಾಳೇನೋ ಎಂದು. ಅವಳು ಬಟ್ಟೆಯ ಅಂಚು ಸರಿಯಾಗಿ ಇಳಿಬಿದ್ದಿದೆಯೇ ಎಂದು ನೋಡುತ್ತ ಕೂತಿರುತ್ತಿದ್ದಳು. ಮುಂದಿನ ವರ್ಷ ನೋಡೋಣ, ಇನ್ನೂ ಸ್ವಲ್ಪ ಒಳ್ಳೆಯವಳಾದ ಮೇಲೆ ಹೋಗೋಣ ಎಂದುಕೊಳ್ಳುತ್ತಿದ್ದಳು. ಆಂಗಸ್ ತೀರಿಹೋದ. ಹಿಂತಿರುಗಿ ನೋಡುವವರು ಇಲ್ಲವಾದರು. ಆ ನೋಟ ಇಲ್ಲವಾದ ಮೇಲೆಯೇ ಅದು ಎಷ್ಟು ಬೇಕಾಗಿತ್ತು ಎಂದು ಅವಳಿಗೆ ತಿಳಿದದ್ದು. ದುಃಖ ಬಂದಾಗಲೆಲ್ಲ ಇನ್ನೊಂದು ಹೆಡಿಗೆ ಬಟ್ಟೆ ಒಗೆಯುತ್ತಿದ್ದಳು.

ಆ ವರ್ಷ ವಸಂತದ ಭೋಜನಕ್ಕೆ ಒಂದು ವಾರವಿರುವಾಗ ಎಫಿ ಒಗೆದ ಬಟ್ಟೆಯನ್ನು ಹಿತ್ತಲಲ್ಲಿ ಒಣಹಾಕಲು ಹೋದಳು. ಗಾಳಿ ಜೋರಾಗಿತ್ತು, ಗಾಳಿ ಜೋರಾಗಿಲ್ಲದ ದಿನ ಆ ದ್ವೀಪದಲ್ಲಿ ಯಾರಿಗೂ ನೆನಪಿಲ್ಲ. ಹಗ್ಗಕ್ಕೆ ಹಾಕುವಷ್ಟರಲ್ಲಿ ಬಟ್ಟೆ ಉಬ್ಬಿ ಮುಖಕ್ಕೆ ಸುತ್ತಿಕೊಂಡಿತು. ಬೇರೆ ಯಾರಾದರೂ ಬಟ್ಟೆ ಬಿಟ್ಟುಬಿಡುತ್ತಿದ್ದರು. ಕರ್ತನ ಮೇಜಿನ ಬಟ್ಟೆ ನೆಲಕ್ಕೆ ತಾಗುವುದೇ! ಎಫಿ ಅದನ್ನು ಎದೆಗವಚಿಕೊಂಡು ಕಣ್ಣು ಕಾಣದೆ ನಾಲ್ಕು ಹೆಜ್ಜೆ ಹೋದಳು, ಒದ್ದೆ ಹುಲ್ಲಿನ ಮೇಲೆ ಕಾಲು ಜಾರಿತು, ಕೊನೆಯ ಗಳಿಗೆಯಲ್ಲಿ ಎರಡೂ ಕೈ ಊರಿದಳು. ಎರಡು ಮಣಿಕಟ್ಟೂ ಮುರಿದವು. ಬಟ್ಟೆ ಹೇಗೂ ಕೆಸರಾಯಿತು.

ಪಟ್ಟಣದ ಆಸ್ಪತ್ರೆಯವರು ಎರಡು ಕೈಗೂ ಬೆರಳೂ ಆಡದ ಹಾಗೆ ಮೊಣಕೈತನಕ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಮನೆಗೆ ಬಂದರೆ ಅಡುಗೆಮನೆಯಲ್ಲಿ ಡೋಲಿನಾ. ಮದುವೆ ಆಗದ ನಾದಿನಿ, ರಸ್ತೆಯಾಚೆಯ ಮನೆಯವಳು. ಆ ಹೊತ್ತಿಗಾಗಲೇ ಹಾಲು ಉಕ್ಕಿಸಿ ಒಲೆಯ ಮೇಲೆಲ್ಲ ಚೆಲ್ಲಿದ್ದಳು.

“ನನ್ನ ಅಡುಗೆಮನೆಗೆ ಯಾಕೆ ಕಾಲಿಟ್ಟೆ?” ಎಂದಳು ಎಫಿ, ಬಾಗಿಲಲ್ಲೇ ನಿಂತು.

“ನಿಂಗೆ ಕೈಯೇ ಇಲ್ಲ, ನನ್ನ ಕಾಲಿನ ಮೇಲೆ ಯಾಕೆ ಕಣ್ಣು? ಕೂತ್ಕೋ ಮಾರಾಯ್ತಿ.”

“ಗುರುವಾರ ನೆಂಟರು ಬರ್ತಾರೆ.”

“ಬರ್ಲಿ. ಮನೆ ಇದೆ, ಒಲೆ ಇದೆ, ನಾನಿದೀನಿ.”

“ಅದೇ ನಂಗೆ ಭಯ,” ಎಂದಳು ಎಫಿ.

ಭಯ ಸುಳ್ಳಾಗಲಿಲ್ಲ. ಗುರುವಾರ ಅತಿಥಿಗಳು ಬಂದಾಗ ಸ್ಕೋನುಗಳು ಕಲ್ಲಾಗಿದ್ದವು, ಸೂಪಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಎಫಿ ಒಲೆಯ ಪಕ್ಕದ ಕುರ್ಚಿಯಲ್ಲಿ ಎರಡು ಬಿಳಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತು, “ಆ ಪಾತ್ರೆ ಅಲ್ಲ, ಈ ಪಾತ್ರೆ, ಆ ಚಮಚ ಅಲ್ಲ, ಈ ಚಮಚ” ಎಂದು ಹೇಳುತ್ತಲೇ ಇದ್ದಳು. ಅತಿಥಿಗಳು ಕಲ್ಲು ಸ್ಕೋನನ್ನು ಚಹಾದಲ್ಲಿ ನೆನೆಸಿಕೊಂಡು ನಗುನಗುತ್ತಾ ತಿಂದರು. ಅವರು ನಕ್ಕದ್ದು ಅವಳಿಗೆ ಇನ್ನಷ್ಟು ಚುಚ್ಚಿತು. ತನ್ನ ಸ್ಕೋನು ಇಲ್ಲದೆಯೂ ಇವರು ಸುಖವಾಗಿದ್ದಾರಲ್ಲ!

ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಇನ್ನೊಬ್ಬರು ಚಮಚದಲ್ಲಿ ತಿನ್ನಿಸುವುದನ್ನು ಅಷ್ಟು ಜನ ನೋಡುವುದಕ್ಕಿಂತ ಉಪವಾಸವೇ ಮೇಲು. ಗುರುವಾರ ಹೇಗೂ ಉಪವಾಸದ ದಿನವೆಂದು ಸಭೆಯಲ್ಲಿ ಹೆಸರಿತ್ತು. ಅದನ್ನೇ ನೆಪ ಮಾಡಿಕೊಂಡಳು. ಎಲ್ಲರೂ ಮಲಗಲು ಹೋದ ಮೇಲೆ ಡೋಲಿನಾ ತಂದ ಓಟ್ಸ್ ಗಂಜಿಯಲ್ಲಿ ಒಂದೆರಡು ಚಮಚ ನುಂಗಿ ಮುಖ ತಿರುಗಿಸಿದಳು.

ಶುಕ್ರವಾರ ಗಂಡಸರ ದಿನ. ನಿಜವಾದ ವಿಶ್ವಾಸಿಯ ಗುರುತುಗಳೇನು ಎಂದು ಪಾದ್ರಿ ಕೇಳುತ್ತಾರೆ, ಹೆಸರು ಕರೆಸಿಕೊಂಡ ಗಂಡಸರು ಒಬ್ಬೊಬ್ಬರೇ ಎದ್ದು ತಮ್ಮ ಅನುಭವ ಹೇಳುತ್ತಾರೆ. ಒಬ್ಬನನ್ನು ದೇವರು ಬಿರುಗಾಳಿಯಲ್ಲಿ ಹಿಡಿದಿದ್ದ, ಇನ್ನೊಬ್ಬನನ್ನು ಮಗುವಿನ ಕಾಯಿಲೆಯಲ್ಲಿ. ಎಫಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ಅವಳ ಹತ್ತಿರ ಅಂಥ ಕಥೆ ಯಾವುದೂ ಇರಲಿಲ್ಲ. ದೇವರು ಅವಳನ್ನು ಎಲ್ಲಿಯೂ ಹಿಡಿದದ್ದು ನೆನಪಿಲ್ಲ. ಅವಳೇ ಬಟ್ಟೆಯ ತುದಿ ಹಿಡಿದುಕೊಂಡು ಬಂದದ್ದು. ಈ ವರ್ಷ ಅದೂ ತಪ್ಪಿತು. ಡೋಲಿನಾ ಪಕ್ಕದಿಂದ ಅವಳ ಬಾಯಿಗೊಂದು ಪೆಪ್ಪರ್‌ಮಿಂಟು ತುರುಕಿದಳು. ಉಪದೇಶ ಶುರುವಾಗುವಾಗ ಎಲ್ಲರೂ ಹಾಕಿಕೊಳ್ಳುವಂಥದ್ದೇ, ಆದರೆ ಎಫಿಗೆ ಸಿಟ್ಟು ಬಂತು. ಉಗುಳುವ ಹಾಗಿಲ್ಲ, ಚೀಪಿದಳು.

ಆರಾಧನೆ ಮುಗಿಸಿ ಮನೆಯ ಹೊಸ್ತಿಲು ದಾಟುವಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಗೋಡೆಗೆ ಒರಗಿದಳು. ಅತಿಥಿಗಳಲ್ಲಿ ಹಿರಿಯನಾದ ಟಾರ್ಕ್ವಿಲ್, ಉತ್ತರ ತೀರದ ಮುದಿ ಮೀನುಗಾರ, ಅವಳ ತೋಳು ಹಿಡಿದು ನೇರವಾಗಿ ಊಟದ ಮೇಜಿನ ನಡುವಿನ ಕುರ್ಚಿಗೆ ತಂದು ಕೂರಿಸಿದ.

“ಇಲ್ಲಿ ಬೇಡ, ಒಲೆ ಹತ್ರ,” ಎಂದಳು ಎಫಿ.

“ಇಲ್ಲೇ ಕೂತ್ಕೋಮ್ಮ,” ಎಂದ ಟಾರ್ಕ್ವಿಲ್. “ನಿನ್ನ ಮದುವೆಯಾದ ವರ್ಷದಿಂದ ಈ ಮನೇಲಿ ಉಂಡಿದೀನಿ. ನಿನ್ನ ಬೆನ್ನು ಎಲ್ಲಿ ಕಂಡ್ರೂ ಗುರುತು ಹಿಡೀತೀನಿ. ಮುಖ ಇಷ್ಟು ಹೊತ್ತು ನೋಡ್ತಿರೋದು ಇವತ್ತೇ.”

ಎಲ್ಲರೂ ನಕ್ಕರು. ಎಫಿಗೆ ಮಾತ್ರ ಅದು ನೇರ ಎದೆಗೆ ತಾಗಿತು, ಯಾಕೆಂದರೆ ನಿಜ. ಆ ಮೇಜಿಗೆ ಅವಳು ಜನರಿದ್ದಾಗ ಕೂತೇ ಇರಲಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು ಅನ್ನುತ್ತಾರೆ. ಅವಳು ಎರಡೂ ಆಗಿ, ಕೊನೆಗೆ ಪಾತ್ರೆಯಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿಂದವಳು.

ಡೋಲಿನಾ ಸೂಪಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. “ಬಾಯಿ ತೆಗಿ.”

“ಜನ ನೋಡ್ತಾರೆ.”

“ನೋಡ್ಲಿ. ನೀನು ಬಿದ್ದು ಸತ್ರೆ ಅದನ್ನೂ ನೋಡ್ಬೇಕಾಗುತ್ತೆ. ಬಾಯಿ ತೆಗಿ.”

ಎಫಿ ಬಾಯಿ ತೆರೆದಳು. ಸೂಪು ಗಲ್ಲದ ಮೇಲೆ ಹರಿಯಿತು. ಒರೆಸಿಕೊಳ್ಳಲು ಕೈ ಎತ್ತಿದಳು, ಪ್ಲಾಸ್ಟರಿನ ದಿಮ್ಮಿ ಎದ್ದಿತು, ಹಾಗೇ ಇಳಿಯಿತು. ಡೋಲಿನಾ ತನ್ನ ಏಪ್ರನ್ನಿನ ತುದಿಯಿಂದ ಒರೆಸಿದಳು. ಉಪ್ಪು ಜಾಸ್ತಿಯಾಗಿದ್ದ, ಆಲೂಗಡ್ಡೆ ಬೇಯದಿದ್ದ ಆ ಸೂಪನ್ನು ಎಫಿ ಒಂದು ಬಟ್ಟಲು ಪೂರ್ತಿ ಕುಡಿದಳು. ಅಷ್ಟು ಹಸಿವಾಗಿತ್ತು ಎಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಯ ಚಮಚಕ್ಕೆ ಅಳು ಒತ್ತರಿಸಿ ಬಂತು. ಟಾರ್ಕ್ವಿಲ್ ಉಳಿದವರಿಗೆ ಕಣ್ಸನ್ನೆ ಮಾಡಿದ. ಎಲ್ಲರೂ ಕುರಿಮರಿಗಳನ್ನು ನೋಡುವ ನೆಪದಲ್ಲಿ ಹೊರಗೆ ಹೋದರು.

“ಕೈ ಎಂಟು ವಾರಕ್ಕೆ ಸರಿ ಹೋಗುತ್ತೆ ಕಣೇ,” ಎಂದಳು ಡೋಲಿನಾ. “ಅದಕ್ಕೆ ಯಾಕೆ ಈ ಪರಿ ಅಳು?”

“ಕೈಗೆ ಅಲ್ಲ,” ಎಂದಳು ಎಫಿ. “ಕೆಲ್ಸ ಇಲ್ದಿದ್ರೆ ನಾನ್ಯಾರು ಡೋಲಿನಾ? ಮೇಜುಬಟ್ಟೆಯ ಎಫಿ ಅಂತಾರೆ. ಮೇಜುಬಟ್ಟೆ ತೆಗೆದ್ರೆ ಉಳಿಯೋದೇನು?”

“ಎಫಿ ಉಳೀತಾಳೆ.”

“ಅವಳು ಯಾರಿಗೆ ಬೇಕು?”

ಡೋಲಿನಾ ಬಟ್ಟಲನ್ನು ಕೆಳಗಿಟ್ಟಳು. “ಅದನ್ನ ನನ್ನ ಕೇಳ್ಬೇಡ. ನಿನಗೋಸ್ಕರ ಶಿಲುಬೆಗೆ ಹೋದೋನನ್ನ ಕೇಳು. ಬಟ್ಟೆ ಒಗೆಯೋರು ಸಿಗ್ಲಿಲ್ಲ ಅಂತ ಪ್ರಾಣ ಕೊಟ್ಟೋನಲ್ಲ ಅವ್ನು.”

ಎಫಿಗೆ ಉರಿಯಿತು. ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಹೊರಗೆ ಬಂತು. “ನೀನು ಹೇಗೆ ಹೋಗಿ ಕೂರ್ತೀಯೆ ಅಲ್ಲಿ? ದೇವಾಲಯಕ್ಕೆ ತಡ, ಉಪದೇಶದಲ್ಲಿ ತೂಕಡಿಕೆ, ಊರವರ ಸುದ್ದಿ ಎಲ್ಲ ನಿನ್ನ ನಾಲಗೆ ಮೇಲೆ. ಇಪ್ಪತ್ತನೇ ವಯಸ್ಸಿಗೇ ಹೋಗಿ ಕೂತೆ. ನಾಚಿಕೆ ಆಗ್ಲಿಲ್ವಾ?”

“ಆಗುತ್ತೆ. ಪ್ರತಿ ಸಲಾನೂ ಆಗುತ್ತೆ.” ಡೋಲಿನಾಗೆ ಸಿಟ್ಟು ಬರಲಿಲ್ಲ. “ನನ್ನ ಹತ್ರ ಏನಿದೆ ಅಂತ ಹೋಗ್ತೀನಿ ಅಂದ್ಕೊಂಡೆ? ಏನೂ ಇಲ್ಲ ಅಂತಾನೇ ಹೋಗೋದು. ನಿನ್ನ ಮನೆಗೆ ನೆಂಟರು ಬರ್ತಾರಲ್ಲ, ಅಡುಗೆ ಮಾಡ್ಕೊಂಡು ಬನ್ನಿ ಅಂತ ಹೇಳ್ತೀಯಾ? ಹೊಟ್ಟೆ ಹಸ್ಕೊಂಡು ಬಂದ್ರೆ ನಿಂಗೇ ಖುಷಿ. ಅವನಿಗೆ ಮಾತ್ರ ಆ ಖುಷಿ ಬೇಡ್ವಾ?”

ಆ ರಾತ್ರಿ ಡೋಲಿನಾ ಅವಳ ಕೂದಲು ಬಿಚ್ಚಿ, ಬಾಚಿ, ಹೆಣೆದಳು; ಹೆಣಿಗೆ ಸೊಟ್ಟಗಾಯಿತು. ಎಫಿ ಅದನ್ನು ಎತ್ತಿ ಆಡಲಿಲ್ಲ. ಹಾಸಿಗೆಯಲ್ಲಿ ಪ್ರಾರ್ಥನೆಗೆಂದು ಕೈ ಜೋಡಿಸಲು ಹೋದರೆ ಪ್ಲಾಸ್ಟರಿಗೆ ಪ್ಲಾಸ್ಟರ್ ಬಡಿದು ಸದ್ದಾಯಿತು. ಸುಮ್ಮನೆ ಅಂಗಾತ ಮಲಗಿ, “ಇಷ್ಟೇ ಇದೆ ನೋಡಪ್ಪ,” ಎಂದಳು. ಪ್ರತಿದಿನದ ಉದ್ದನೆಯ ಪ್ರಾರ್ಥನೆಯಲ್ಲಿ ಅವಳು ಮಾಡಿ ಮುಗಿಸಿದ ಕೆಲಸಗಳ ವರದಿಯೇ ಇರುತ್ತಿತ್ತು. ಅವತ್ತು ವರದಿ ಮಾಡಲು ಏನೂ ಇರಲಿಲ್ಲ, ಆದರೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅನ್ನಿಸಿತು. ನಿದ್ದೆ ಚೆನ್ನಾಗಿ ಬಂತು.

ಶನಿವಾರದ ಆರಾಧನೆ ಮುಗಿದ ಮೇಲೆ ಪಾದ್ರಿ ಎಂದಿನಂತೆ ಹೇಳಿದರು: ಹಿರಿಯರ ಸಭೆ ಹಿಂದಿನ ಕೋಣೆಯಲ್ಲಿ ಕೂತಿರುತ್ತದೆ, ಮೊದಲ ಸಲ ಮೇಜಿಗೆ ಬರಬೇಕೆಂದಿರುವವರು ಬಂದು ಮಾತಾಡಬಹುದು. ಜನ ಹೊರಗೆ ಬಂದು ಟೋಪಿ ಹಿಡಿದುಕೊಂಡು ಗಾಳಿಯಲ್ಲಿ ಮನೆಯ ದಾರಿ ಹಿಡಿದರು. ಎಫಿ ಗೇಟಿನ ಹತ್ತಿರ ನಿಂತಳು. ಡೋಲಿನಾ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದಳು.

“ಯಾಕೆ ನಿಂತೆ? ಆಲೂಗಡ್ಡೆ ಇವತ್ತೇ ಸುಲಿದಿಡ್ಬೇಕು, ನಾಳೆ ಭಾನುವಾರ, ಕೆಲ್ಸ ಮಾಡೋ ಹಾಗಿಲ್ಲ.”

“ಒಳಗೆ ಹೋಗೋಣ ಅಂತ ಮನಸ್ಸು ಎಳೀತಿದೆ,” ಎಂದಳು ಎಫಿ. ಅವಳ ಮುಖ ಬಿಳಿಚಿತ್ತು. “ಆದ್ರೆ ಈ ವರ್ಷವಾ? ಬಟ್ಟೆ ನೀನು ಒಗೆದೆ. ನೆಂಟರಿಗೆ ನೀನು ಬೇಯಿಸಿ ಹಾಕಿದೆ. ಎಲ್ಲ ಕೆಲ್ಸ ಮಾಡಿದ ವರ್ಷ ಹೋಗಿಲ್ಲ, ಈಗ ಹೀಗೆ ಕೈಲಾಗದೆ ಹೋಗೋದಾ? ಮುಂದಿನ ಸಲ, ಕೈ ಸರಿ ಆದ ಮೇಲೆ...”

“ಕೈ ಸರಿ ಇದ್ದಾಗ ಹೋಗಿದ್ಯಾ?”

ಡೋಲಿನಾ ಅದನ್ನು ಗೇಲಿ ಮಾಡಲು ಹೇಳಿದ್ದಲ್ಲ, ಬಾಯಿಗೆ ಬಂದದ್ದನ್ನು ಹೇಳಿದಳು. ಆದರೆ ಎಫಿ ಅಲ್ಲಿಯೇ ಕಲ್ಲಾಗಿ ನಿಂತಳು. ಇಷ್ಟು ವರ್ಷ ಆ ಮೇಜಿನಿಂದ ತನ್ನನ್ನು ತಡೆದದ್ದು ತನ್ನ ಪಾಪವೆಂದು ತಿಳಿದಿದ್ದಳು. ಪಾಪವಾಗಿರಲಿಲ್ಲ. ಈ ಎರಡು ಕೈಗಳೇ ಆಗಿದ್ದವು. ಕೊಡುವವಳಾಗಿಯೇ ಕರ್ತನ ಮುಂದೆ ನಿಲ್ಲಬೇಕೆಂಬ ಹಟ ಅದು. ಬೇಡುವವಳಾಗಿ ಹೋಗಲು ಅವಳಿಗೆ ಮನಸ್ಸೇ ಇರಲಿಲ್ಲ.

“ಬಾಗಿಲು ತೆಗಿ,” ಎಂದಳು. “ನಂಗೆ ಚಿಲಕ ತೆಗೆಯೋಕಾಗಲ್ಲ.”

ಹಿಂದಿನ ಕೋಣೆಯಲ್ಲಿ ಪಾದ್ರಿಯೂ ಹಿರಿಯರೂ ಕೂತಿದ್ದರು. ಎಫಿ ಒಳಗೆ ಬಂದದ್ದನ್ನು ನೋಡಿ ಗುಡುಗು ಫಿನ್ಲೆ, “ಬಟ್ಟೆ ವಿಷಯಕ್ಕೆ ಬಂದ್ಯಾ ಎಫಿ? ಡೋಲಿನಾ ತಂದುಕೊಟ್ಳು, ಪರವಾಗಿಲ್ಲ, ಒಂದೆರಡು ಸುಕ್ಕು,” ಎಂದ.

“ಬಟ್ಟೆಗೆ ಬಂದಿಲ್ಲ ಫಿನ್ಲೆ. ನಂಗೋಸ್ಕರ ಬಂದೆ.”

ಪಾದ್ರಿ ಇನ್ನೂ ಚಿಕ್ಕ ವಯಸ್ಸಿನವರು, ಬಂದು ಎರಡೇ ವರ್ಷವಾಗಿತ್ತು. ಕುರ್ಚಿ ಎಳೆದು ಕೂರಿಸಿ ಮೃದುವಾಗಿ ಕೇಳಿದರು: “ನಿಮ್ಮ ನಂಬಿಕೆ ಬಗ್ಗೆ ಏನಾದ್ರೂ ಹೇಳ್ತೀರಾ ಎಫಿ? ಅವಸರ ಇಲ್ಲ.”

ಎಫಿ ಇಷ್ಟು ವರ್ಷ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳನ್ನು ಹುಡುಕಿದಳು. ಒಂದೂ ಸಿಗಲಿಲ್ಲ.

“ಹೇಳೋಕೆ ಏನೂ ಇಲ್ಲ ಪಾದ್ರಿಗಳೇ,” ಎಂದಳು. “ಶುಕ್ರವಾರ ಇವರೆಲ್ಲ ಹೇಳಿದ್ರಲ್ಲ, ಆ ಥರದ ಕಥೆ ನನ್ನ ಹತ್ರ ಇಲ್ಲ. ಬಟ್ಟೆ ಒಗೀತಿದ್ದೆ, ಅಡುಗೆ ಮಾಡ್ತಿದ್ದೆ. ಅದೇ ನಾನು ಅಂದ್ಕೊಂಡಿದ್ದೆ. ಈ ವಾರ ಅದೂ ಹೋಯ್ತು. ನಿನ್ನೆ ನಂಗೆ ಸೂಪು ಕುಡಿಸಿದ್ರು. ಮಗು ಥರ.” ಪ್ಲಾಸ್ಟರಿನ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. “ಎಲ್ಲ ಹೋದ ಮೇಲೂ ಯೇಸು ನನ್ನ ಬಿಟ್ಟಿಲ್ಲ ಅನ್ನಿಸ್ತಿದೆ. ಅವನಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನಂಗೆ ಅವನು ಬೇಕು. ಇಷ್ಟೇ. ಇಷ್ಟಕ್ಕೆ ಆಗಲ್ಲ ಅಂದ್ರೆ ಹೋಗ್ತೀನಿ.”

ಉತ್ತರ ಕೊಟ್ಟವನು ಫಿನ್ಲೆ. ಅವನ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಡಬಲ್ಲದು ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

“ಇಷ್ಟಕ್ಕೇ ಆಗೋದು ಕಣಮ್ಮ. ನಂದೂ ಇಷ್ಟೇ. ಕೂಗಾಡಿ ಹೇಳ್ತೀನಿ, ಅಷ್ಟೇ ವ್ಯತ್ಯಾಸ.”

ಸೀಸದ ಬಿಲ್ಲೆ ಕೊಡಲು ಕೈ ಚಾಚಿದ ಪಾದ್ರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅವಳ ಕೋಟಿನ ಜೇಬಿಗೆ ಹಾಕಿದರು.

ಭಾನುವಾರ ದೇವಾಲಯ ತುಂಬಿತ್ತು. ಉಪದೇಶ ಮುಗಿದು ಕೀರ್ತನೆ ಶುರುವಾಯಿತು. ಮುಂದೆ ನಿಂತವನು ಒಂದು ಸಾಲು ಎತ್ತಿಕೊಡುತ್ತಿದ್ದ, ಸಭೆಯೆಲ್ಲ ಅದನ್ನು ಎಳೆದೆಳೆದು ಹಾಡುತ್ತಿತ್ತು. ಮೇಜಿಗೆ ಬರುವವರು ಎದ್ದು ಹೋಗಬೇಕಾದದ್ದು ಆಗಲೇ. ಒಬ್ಬೊಬ್ಬರಾಗಿ ಎದ್ದರು. ಎಫಿ ಎರಡು ಸಾಲು ಹಾಡುವಷ್ಟು ಹೊತ್ತು ಕೂತೇ ಇದ್ದಳು. ಅವಳಿಗಾಗಿ ತಾನೂ ಹಿಂದಿನ ಸಾಲಿನಲ್ಲಿ ಕೂತಿದ್ದ ಡೋಲಿನಾ ಅವಸರ ಮಾಡಲಿಲ್ಲ; ತಡ ಮಾಡುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು. ಹಾಡಿನ ಮೂರನೆಯ ಸಾಲಿಗೆ ಎಫಿ ಎದ್ದಳು, ಡೋಲಿನಾ ಅವಳ ಜೊತೆಗೇ ಹೊರಟಳು.

ಊರೆಲ್ಲ ನೋಡಿತು. ಹಾಡು ಒಂದು ಕ್ಷಣ ತಗ್ಗಿ, ಆಮೇಲೆ ಮೊದಲಿಗಿಂತ ಜೋರಾಯಿತು. ಟಾರ್ಕ್ವಿಲ್ ಕಣ್ಣೊರೆಸಿಕೊಂಡು ಹಾಡುತ್ತಿದ್ದ. ಸಾಲಿನ ತುದಿಯಲ್ಲಿ ಬಿಲ್ಲೆ ಇಸಿದುಕೊಳ್ಳಲು ನಿಂತಿದ್ದ ಫಿನ್ಲೆ ಅವಳ ಜೇಬಿಗೆ ಕೈ ಹಾಕಿ, ಮೊದಲು ಒಂದು ಪೆಪ್ಪರ್‌ಮಿಂಟು, ಆಮೇಲೆ ಒಂದು ಬಟ್ಟೆಕ್ಲಿಪ್ಪು, ಕೊನೆಗೆ ಬಿಲ್ಲೆ ತೆಗೆದ.

ರೊಟ್ಟಿ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಬಂತು. ಡೋಲಿನಾ ತನ್ನ ಪಾಲು ಮುರಿದುಕೊಂಡಳು, ಇನ್ನೊಂದು ತುಂಡು ಮುರಿದು ಎಫಿಯ ತುಟಿಗೆ ಇಟ್ಟಳು. ಎಫಿ ಕಣ್ಣು ಮುಚ್ಚಿ ತಿಂದಳು. ಕೊಳ್ಳಲಿಲ್ಲ, ಗಳಿಸಲಿಲ್ಲ, ಕೈಯಲ್ಲಿ ಹಿಡಿಯಲೂ ಇಲ್ಲ, ಬಾಯಿಗೆ ಬಂತು. ತನಗೂ ಇಲ್ಲಿ ಒಂದು ಜಾಗವಿತ್ತು, ಮೊದಲಿನಿಂದಲೂ ಇತ್ತು ಎಂದು ಅವಳಿಗೆ ಅನ್ನಿಸಿ ಸಂತೋಷವಾಯಿತು. ಇಷ್ಟು ಸಂತೋಷ ತಡೆದುಕೊಂಡು ಅಭ್ಯಾಸವಿಲ್ಲದ್ದರಿಂದ ಕೆನ್ನೆಯೆಲ್ಲ ಒದ್ದೆಯಾಯಿತು.

ಆಮೇಲೆ ಬೆಳ್ಳಿಯ ಬಟ್ಟಲು ಬಂತು. ಭಾರದ ಬಟ್ಟಲು. ಡೋಲಿನಾ ಎರಡೂ ಕೈಯಲ್ಲಿ ಹಿಡಿದು ಅವಳ ಬಾಯಿಯ ಹತ್ತಿರ ತಂದಳು. ಬಟ್ಟಲು ವಾಲಿತು. ಕೆಂಪು ದ್ರಾಕ್ಷಾರಸ ಅಂಚಿನಿಂದ ಹನಿದು ಬಿಳಿ ಬಟ್ಟೆಯ ಮೇಲೆ ಬಿದ್ದು ಹರಡಿತು. ತಕ್ಷಣ ಉಪ್ಪು ಉದುರಿಸದಿದ್ದರೆ ಆ ಕಲೆ ಹೋಗುವುದಿಲ್ಲ. ಅದು ಎಫಿಗಿಂತ ಚೆನ್ನಾಗಿ ಆ ದ್ವೀಪದಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಅಯ್ಯೋ ದೇವ್ರೇ, ಬಟ್ಟೆ ಹಾಳಾಯ್ತು ಎಫಿ,” ಎಂದು ಡೋಲಿನಾ ಪಿಸುಗುಟ್ಟಿದಳು.

ಎಫಿ ಕಲೆಯನ್ನು ನೋಡಿದಳು. ಮುಖವೆತ್ತಿ ಬಟ್ಟಲಿಗೆ ಬಾಯಿ ಕೊಟ್ಟು ಕುಡಿದಳು.

“ಇರ್ಲಿ ಬಿಡು,” ಎಂದಳು. “ನಾನಿಲ್ಲಿ ಊಟಕ್ಕೆ ಬಂದಿದೀನಿ.”